ಡೇರೆ ಗಡ್ಡೆ ಮತ್ತು ಇಂಡಿ ರಾಕ್

ಮೊನ್ನೆ ಭಾನುವಾರ ಸಂಜೆ ಶಿವಮೊಗ್ಗದ ದುರ್ಗಿಗುಡಿಲಿ ಗೆಳೆಯರೊಬ್ಬರ ಮನೆ ಮಹಡಿ ಮೇಲೆ ಒಂದು ನಲವತ್ತು ಜನ ಸೇರಿದ್ವಿ. ಹೊಸ ಹಾಡು ಹುಡುಕೋದು, ಅದನ್ನ ಇನ್ನೊಬ್ಬರಿಗೆ ದಾಟಿಸೋದು, ಇದ್ರ ಬಗ್ಗೆ ನಾನು ಮುಕ್ಕಾಲು ಗಂಟೆ ಮಾತಾಡ್ದೆ. ಬರಕ್ಕಾಗ್ದೆ ಇದ್ದೋರು ಬರೆದು ಹಾಕಿ ಅಂತ ಕೇಳಿದ್ರು. ಫೋನಲ್ಲಿ ರೆಕಾರ್ಡ್ ಮಾಡಿದ್ದರಲ್ಲಿ ಅರ್ಧಕ್ಕರ್ಧ ಶೀಟಿನ ಮೇಲೆ ಬಿದ್ದ ಮಳೆ ಸದ್ದೇ ಇದೆ, ಕೇಳಿಸಿದಷ್ಟನ್ನ ಹಂಗೇ ಇಳಿಸಿದೀನಿ, ಕೇಳಿಸದೆ ಇದ್ದ ಕಡೆ ನೆನಪಿಂದ ತುಂಬಿದೀನಿ.

ಎಲ್ರಿಗೂ ನಮಸ್ಕಾರ. ಹಿಂದೆ ನಿಂತಿರೋರು ಆ ಚಾಪೆ ಎಳ್ಕೊಂಡು ಕೂತ್ಕೊಳ್ಳಿ. ಸ್ಪೀಕರ್ ನನ್ನ ಫೋನಿಗೆ ಸಿಕ್ತಿಲ್ಲ, ಪಕ್ಕದ ಮನೆಯವ್ರ ಟೀವಿಗೆ ಹೋಗಿ ಅಂಟ್ಕೊಂಡಿದೆ ಅಂತೆ, ಹುಡುಗ್ರು ಅದನ್ನ ಬಿಡಿಸ್ತಿದಾರೆ, ಅಲ್ಲಿ ತನಕ ಹಾಡಿಲ್ದೆ ಬರೀ ಮಾತು. ಹಾಡಿನ ಬಗ್ಗೆ ಹಾಡು ಹಾಕ್ದೆ ಮಾತಾಡೋದು ಊಟದ ಬಗ್ಗೆ ಖಾಲಿ ಎಲೆ ಮುಂದೆ ಕೂತು ಮಾತಾಡಿದಂಗೆ, ಸ್ವಲ್ಪ ಸಹಿಸ್ಕೊಳ್ಳಿ.

ನಾನು ಸಂಗೀತ ಕಲಿತೋನಲ್ಲ. ಅಡಿಕೆ ಮಂಡಿಲಿ ಲೆಕ್ಕ ಬರಿಯೋನು, ಇಪ್ಪತ್ತೆರಡು ವರ್ಷ ಆಯ್ತು. ಗಿಟಾರ್ ಒಂದ್ಸಲ ತಗೊಂಡಿದ್ದೆ, ಮಳೆಗಾಲ ಮುಗಿಯೋದ್ರೊಳಗೆ ಬೂಷ್ಟು ಹಿಡಿದು ಕುತ್ತಿಗೆ ಸೊಟ್ಟ ಆಯ್ತು, ಅಲ್ಲಿಗೆ ಬಿಟ್ಟೆ. ನನಗಿರೋದು ಕಿವಿ ಒಂದೇ, ಮತ್ತೆ ಕೇಳಿದ್ದನ್ನ ಯಾರಿಗಾದ್ರೂ ಹೇಳ್ದೆ ಇದ್ರೆ ಹೊಟ್ಟೆ ಉಬ್ಬರಿಸೋ ಕಾಯಿಲೆ.

ಇಂಡಿ ರಾಕ್ ಅಂದ್ರೆ ಎಂತದು ಅಂತ ನನ್ನ ಹೆಂಡ್ತಿ ಮದುವೆ ಆದಾಗಿಂದ ಕೇಳ್ತಿದಾಳೆ, ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟು ಸಿಕ್ಕಿಬಿದ್ದಿದೀನಿ. ಈಗ ಮಂಡಿ ಭಾಷೇಲೇ ಹೇಳ್ತೀನಿ. ಅಡಿಕೇಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಇದೆಯಲ್ಲ, ಅದು ಮಾಲಿನ ಜಾತಿ, ಕೈಲಿ ಹಿಡಿದ್ರೆ ಗೊತ್ತಾಗುತ್ತೆ. ಇಂಡಿ ಶುರೂಲಿ ಹಂಗೆ ಮಾಲಿನ ಜಾತಿ ಆಗಿರ್ಲಿಲ್ಲ, ಯಾರ ಮೂಲಕ ಮಾರಿದ್ರಿ ಅನ್ನೋದಷ್ಟೇ ಆಗಿತ್ತು. ದೊಡ್ಡ ಕಂಪನಿ ಅನ್ನೋ ಮಂಡಿಗೆ ಹಾಕ್ದೆ, ತಾವೇ ಸುಲಿದು ತಾವೇ ಬೇಯಿಸಿ ತಾವೇ ಮೂಟೆ ಕಟ್ಟಿ ಮಾರಿದ್ರೆ ಇಂಡಿಪೆಂಡೆಂಟ್, ಅದು ಬಾಯಲ್ಲಿ ಸವೆದು ಇಂಡಿ. ಬ್ರಿಟನ್ನಲ್ಲಿ 1980ರ ಜನವರೀಲಿ ಇಂಡಿ ಚಾರ್ಟ್ ಅಂತ ಬೇರೆ ಪಟ್ಟಿ ಶುರುವಾದಾಗ ಅವ್ರು ನೋಡಿದ್ದು ಹಾಡು ಹೆಂಗಿದೆ ಅಂತಲ್ಲ, ದೊಡ್ಡ ಕಂಪನಿಗಳ ವಿತರಣೆ ಇಲ್ದೆ ಅಂಗಡಿ ತಲುಪ್ತಾ ಅಂತ. ಆಮೇಲೆ ಅಂಥೋರು ಮಾಡಿದ ಹಾಡೆಲ್ಲ ಒಂಥರಾ ಕೇಳಿಸೋಕೆ ಶುರುವಾಗಿ, ಗಿಟಾರ್ ಸ್ವಲ್ಪ ಒರಟು, ಹಾಡೋನ ಗಂಟಲಿಗೆ ಪಾಲಿಶ್ ಇಲ್ಲ, ಅದೇ ಒಂದು ಜಾತಿ ಹೆಸರಾಗಿಬಿಡ್ತು. ಈಗ ದೊಡ್ಡ ಕಂಪನಿಯವ್ರೂ ಇಂಡಿ ಅಂತ ಚೀಟಿ ಅಂಟಿಸಿ ಮಾರ್ತಾರೆ, ಬಿಡಿ.

ಈ ಸ್ವಂತ ಮೂಟೆ ಕಟ್ಟೋ ಕೆಲಸಕ್ಕೆ ಒಂದು ಒಳ್ಳೆ ಉದಾಹರಣೆ ಮ್ಯಾಂಚೆಸ್ಟರ್‌ನ ಬಜ್‌ಕಾಕ್ಸ್ ಅನ್ನೋ ಬ್ಯಾಂಡು. 1976ರ ಡಿಸೆಂಬರ್ ಕೊನೇಲಿ ಸ್ಟುಡಿಯೋಕ್ಕೆ ಹೋಗಿ ಕೆಲವೇ ಗಂಟೇಲಿ ನಾಕು ಹಾಡು ರೆಕಾರ್ಡ್ ಮಾಡಿ ಎದ್ದು ಬಂದ್ರು. ಐನೂರು ಪೌಂಡ್ ಸಾಲ, ಗೆಳೆಯರ ಹತ್ರ ಅಷ್ಟು, ಗಿಟಾರ್ ನುಡಿಸೋನ ಅಪ್ಪನ ಹತ್ರ ಇಷ್ಟು. ಸಾವಿರ ರೆಕಾರ್ಡ್ ಒತ್ತಿಸಿದ್ರು, ಖಾಲಿ ಆಯ್ತು, ಮತ್ತೆ ಒತ್ತಿಸಿದ್ರು, ಹಂಗೇ ಹದಿನಾರು ಸಾವಿರ ಹೋಯ್ತು. ನನಗೆ ಅದ್ರಲ್ಲಿ ಖುಷಿ ಕೊಟ್ಟಿದ್ದು ಕವರ್. ಇದು ಎಷ್ಟನೇ ಟೇಕು, ಇದ್ರ ಮೇಲೆ ಮತ್ತೆ ಏನೇನು ಸೇರಿಸಿದೀವಿ ಅಂತ ಕವರ್ ಮೇಲೇ ಬರೆದಿದ್ರು, ಅಂದ್ರೆ ಅಡುಗೆ ಮಾಡಿದ ಪಾತ್ರೇನೂ ತಂದು ಎದುರಿಗಿಟ್ಟಂಗೆ. ನೋಡ್ರಪ್ಪಾ ಇಷ್ಟೇ ಇದು, ನೀವೂ ಮಾಡಬಹುದು ಅಂತ ಅರ್ಥ.

ಆದ್ರೆ ನಾನು ಇವತ್ತು ಹಾಡು ಮಾಡೋರ ಬಗ್ಗೆ ಮಾತಾಡೋಕೆ ಬಂದಿಲ್ಲ. ಕೇಳೋರ ಬಗ್ಗೆ, ಅದ್ರಲ್ಲೂ ಕೇಳಿದ್ದನ್ನ ಪಕ್ಕದೋನಿಗೆ ಕೊಡೋರ ಬಗ್ಗೆ.

ನಮ್ಮ ಕಾಲದಲ್ಲಿ, ಈ ಮಾತು ಹೇಳಬಾರದು ಅಂತ ಮಗಳು ಮನೇಲೇ ಎಚ್ಚರಿಸಿ ಕಳಿಸಿದಾಳೆ ಆದ್ರೂ ಹೇಳ್ತೀನಿ, ನಮ್ಮ ಕಾಲದಲ್ಲಿ ಹೊಸ ಹಾಡು ಬರ್ತಿದ್ದ ದಾರಿ ಎರಡೇ. ಒಂದು ಭದ್ರಾವತಿ ಆಕಾಶವಾಣಿ. ಕೋರಿಕೆ ಹಾಡು ಹಾಕೋ ಮುಂಚೆ ಆ ಊರಿಂದ ಇಂಥೋರು ಈ ಊರಿಂದ ಇಂಥೋರು ಅಂತ ಹೆಸರು ಓದ್ತಿದ್ರಲ್ಲ, ನಾನು ಹಾಡಿಗಿಂತ ಹೆಸರಿಗೆ ಕಿವಿ ಕೊಡ್ತಿದ್ದೆ. ಹೊಸನಗರದ ಯಾರೋ ಒಬ್ರು ಪ್ರತಿ ಸಲ ಹಳೇ ದುಃಖದ ಹಾಡೇ ಕೇಳೋರು, ಅವ್ರಿಗೆ ಏನಾಗಿರಬಹುದು ಅಂತ ನಾನೂ ಅಮ್ಮನೂ ಮಾತಾಡ್ಕೋತಿದ್ವಿ. ಇನ್ನೊಂದು ಕ್ಯಾಸೆಟ್ ಅಂಗಡಿ. ಖಾಲಿ 60ರ ಕ್ಯಾಸೆಟ್ ಕೊಟ್ಟು ಜೊತೆಗೆ ಒಂದು ಚೀಟೀಲಿ ಹಾಡಿನ ಪಟ್ಟಿ ಬರೆದುಕೊಟ್ರೆ ವಾರ ಬಿಟ್ಟು ತುಂಬಿಸಿಕೊಡೋರು, ಒಂದು ಕಡೆಗೆ ಅರ್ಧ ಗಂಟೆ. ಒಂದ್ಸಲ ನನ್ನ ಪಟ್ಟಿ ಮುಗಿದು ಕೊನೇಲಿ ನಾಕು ನಿಮಿಷ ಜಾಗ ಉಳೀತು ಅಂತ ಆ ಅಂಗಡಿಯೋನು ತಾನೇ ಒಂದು ಇಂಗ್ಲಿಷ್ ಹಾಡು ತುಂಬಿಸಿದ್ದ. ಹೆಸರು ಬರೆದಿರ್ಲಿಲ್ಲ. ಕೊನೇಲಿ ಟೇಪ್ ಮುಗಿದು ಅರ್ಧಕ್ಕೇ ಕಟ್. ಕೇಳೋಣ ಅಂತ ಹೋದ್ರೆ ಯಾವ ಹಾಡು ತುಂಬಿಸಿದ್ದು ಅಂತ ಅವ್ನಿಗೇ ನೆನಪಿಲ್ಲ, ಅರ್ಧ ಹಾಡಿಗೆ ದುಡ್ಡು ವಾಪಸ್ ಕೇಳ್ತೀಯೇನೋ ಅಂತ ಬೈದ. ನಾನು ಇವತ್ತಿಗೂ ಆ ಹಾಡು ಹುಡುಕ್ತಿದೀನಿ, ನನ್ನ ಈ ಹುಚ್ಚಿಗೆಲ್ಲ ಆ ಅರ್ಧ ಹಾಡೇ ಕಾರಣ ಅಂತ ಅನುಮಾನ.

ಆಗ ಹಾಡಿಗೆ ಬರ. ಈಗ ಹಾಡಿಗೆ ನೆರೆ. ನೆರೇಲಿ ಕುಡಿಯೋ ನೀರಿಗೆ ತೊಂದರೆ ಆಗೋದು ಮಲೆನಾಡಿನೋರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ನನ್ನ ತಪ್ಪು ಮೊದ್ಲು ಒಪ್ಕೋತೀನಿ. ಮೊಬೈಲಲ್ಲಿ ಎಲ್ಲ ಸಿಗೋಕೆ ಶುರುವಾದ ಹೊಸತರಲ್ಲಿ ನಾನು ತೀರ್ಥಹಳ್ಳಿ ಭಾವನಿಗೆ ದಿನಾ ಲಿಂಕ್ ಕಳಿಸ್ತಿದ್ದೆ. ಬೆಳಿಗ್ಗೆ ಮೂರು, ಮಧ್ಯಾಹ್ನ ಊಟ ಆದ್ಮೇಲೆ ಎರಡು, ರಾತ್ರಿ ಮಲಗೋ ಮುಂಚೆ ಸೂಪರ್ ಇದೆ ಕೇಳಿ ಭಾವ ಅಂತ ಇನ್ನೊಂದು. ಎರಡು ತಿಂಗಳು ಬಿಟ್ಟು ಒಂದು ಗೃಹಪ್ರವೇಶದಲ್ಲಿ ಸಿಕ್ರು, ಹೆಂಗಿತ್ತು ಭಾವ ಅಂದೆ. ಅವ್ರು ಕೋಸಂಬರಿ ಬಡಿಸ್ಕೊಳ್ತಾ, ತಲೆ ಎತ್ತದೆ, ನಿನ್ನ ನಂಬರ್ ಮ್ಯೂಟ್ ಮಾಡಿದೀನಿ ಮಾರಾಯ, ಬೇಜಾರು ಮಾಡ್ಕೋಬೇಡ, ಯಾರಾದ್ರೂ ತೀರ್ಕೊಂಡ್ರೆ ಫೋನೇ ಮಾಡು ಅಂದ್ರು.

ಬೇಜಾರಾಯ್ತು. ಮನೆಗೆ ಬಂದು ಅಮ್ಮನ ಹತ್ರ ಹೇಳಿದ್ರೆ ಅವ್ಳು ಹಿತ್ತಲಲ್ಲಿ ಡೇರೆ ಹೂವಿನ, ಅಂದ್ರೆ ಡೇಲಿಯಾದ, ಗಡ್ಡೆ ಬಿಡಿಸ್ತಾ ಕೂತಿದ್ಲು, ನನ್ನ ಮಾತು ಕಿವಿಗೇ ಹಾಕ್ಕೊಳ್ಲಿಲ್ಲ. ಇಲ್ಲಿರೋ ಹೆಂಗಸರಿಗೆ ಗೊತ್ತು ನಾನು ಹೇಳೋದು. ನಮ್ಮ ಕಡೆ ಮಳೆ ಹಿಡಿಯೋ ಮುಂಚೆ ಡೇರೆ ಗಡ್ಡೆ ಕೊಟ್ಟು ತಗೊಳ್ಳೋದು ಅಂದ್ರೆ ಅಡಿಕೆ ವ್ಯಾಪಾರಕ್ಕಿಂತ ಗಂಭೀರ ವಿಷಯ. ಅಮ್ಮ ಒಂದು ಗಡ್ಡೆ ಎತ್ತಿ ತೋರಿಸಿದ್ಲು. ಗುಂಪಿನಿಂದ ಬಿಡಿಸುವಾಗ ಕಾಂಡದ ಬುಡದ ತುಣುಕು, ಅಲ್ಲಿರೋ ಕಣ್ಣು, ಅದು ಸೇರಿ ಬರಬೇಕು, ಬರೀ ಗಡ್ಡೆ ಕಿತ್ತು ಕೊಟ್ರೆ ಎಷ್ಟು ದಪ್ಪ ಇದ್ರೂ ಮೊಳಕೆ ಬರಲ್ಲ, ಮಣ್ಣಲ್ಲೇ ಕೊಳೆಯುತ್ತೆ. ಮತ್ತೆ ಅವ್ಳು ಸುಮ್ನೆ ಯಾರಿಗೋ ಕೊಡಲ್ಲ. ಇದು ಕಡು ಕೆಂಪು, ಇದು ಪಕ್ಕದ ಬೀದಿ ಟೀಚರಿಗೆ, ಅವ್ರ ಹತ್ರ ಹಳದಿ ಮಾತ್ರ ಇದೆ. ಇದು ಎತ್ತರ ಹೋಗುತ್ತೆ ಕೋಲು ಕಟ್ಟಬೇಕು, ಇದು ಚಿಕ್ಕಮ್ಮನಿಗೆ ಬೇಡ, ಅವ್ಳಿಗೆ ಸೊಂಟ ನೋವು. ಕೊಟ್ಟು ಸುಮ್ನಾಗಲ್ಲ, ಆಷಾಢದಲ್ಲಿ ಹೋಗಿ ಮೊಗ್ಗು ಬಂತಾ ಅಂತ ವಿಚಾರಿಸಿಕೊಂಡೂ ಬರ್ತಾಳೆ.

ನಾನು ಭಾವನಿಗೆ ಎರಡು ತಿಂಗಳು ಕಳಿಸಿದ್ದು ಕಣ್ಣಿಲ್ಲದ ಗಡ್ಡೆ. ಸೂಪರ್ ಇದೆ ಅನ್ನೋದು ಕಣ್ಣಲ್ಲ.

ಅಲ್ಲಿಂದ ನಾನು ರೂಢಿ ಬದಲಾಯಿಸಿದೆ. ಒಂದು ವಾರಕ್ಕೆ ಒಂದು ಹಾಡು, ಒಬ್ಬರಿಗೆ. ಗುಂಪಿಗೆ ಅಲ್ಲ. ಜೊತೆಗೆ ಎರಡು ಸಾಲು, ಇದು ನಿಮಗೇ ಯಾಕೆ, ಮತ್ತೆ ಎಲ್ಲಿ ಕಿವಿ ಕೊಡಬೇಕು. ನಮ್ಮ ಅತ್ತಿಗೆಗೆ ಅರವತ್ತರ ದಶಕದ ಹಿಂದಿ ಸಿನಿಮಾದ ಕ್ಲಬ್ ಹಾಡು ಅಂದ್ರೆ ಪ್ರಾಣ. ಅವ್ರಿಗೆ ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ, ಅದು ಬ್ಯಾಂಡಿನ ಹೆಸರೇ ಕಂಪನಿ ಅಲ್ಲ, ಅವ್ರ 2019ರ ಬಿಸ್ಮಿಲ್ಲಾ ಆಲ್ಬಮ್ಮಿಂದ ಒಂದು ಕೊಟ್ಟೆ. ಇಂಗ್ಲಿಷು ಅರ್ಥ ಆಗಲ್ಲ ಅಂದ್ರು, ಅರ್ಥ ಬಿಡಿ ತುತ್ತೂರಿ ಕೇಳಿ ಅತ್ತಿಗೆ ಅಂದೆ. ಈಗ ಅಡುಗೆಮನೇಲಿ ಅದೇ ಓಡುತ್ತೆ. ಉರ್ದು ಗಜಲ್ ಇಷ್ಟಪಡೋ ನಮ್ಮ ಬ್ಯಾಂಕಿನ ಗೆಳೆಯರಿಗೆ ಬೆಂಗಳೂರಿನ ಪರ್ವಾಜ್, ಉರ್ದು ಮತ್ತೆ ಕಾಶ್ಮೀರಿಲಿ ಹಾಡೋ ರಾಕ್ ಬ್ಯಾಂಡು, 2014ರ ಆಲ್ಬಮ್ಮಿನ ಹೆಸರು ಬಾರಾನ್. ಬಾರಾನ್ ಅಂದ್ರೆ ಮಳೆ, ಮಲೆನಾಡಲ್ಲಿ ಕೂತು ಕೇಳೋರಿಗೆ ಬೇರೆ ಕಾರಣ ಬೇಕಾ.

ಭಾವನ ಕಥೆ ಹೇಳ್ತೀನಿ, ಯಾಕಂದ್ರೆ ಅವ್ರನ್ನ ವಾಪಸ್ ಗೆಲ್ಲೋದು ಕಷ್ಟ ಇತ್ತು. ಒಂದು ಜುಲೈಲಿ ಅವ್ರ ಮನೇಲಿ ಉಳಿದಿದ್ದೆ. ಮೂರು ದಿನದಿಂದ ಕರೆಂಟಿಲ್ಲ, ಎಲ್ಲೋ ಮರ ಬಿದ್ದು ಲೈನ್ ಹರಿದಿದೆ, ಟವರ್ರೂ ಸತ್ತಿದೆ. ಅಂಗಳ ಕಾಣಲ್ಲ ಅಷ್ಟು ಮಂಜು. ಹಲಸಿನ ಹಪ್ಪಳ ಕೆಂಡದಲ್ಲಿ ಸುಟ್ಟು ತಿಂತಾ ಕೂತಿದ್ವಿ, ಮಾತೂ ಮುಗಿದಿತ್ತು. ನನ್ನ ಫೋನಲ್ಲಿ ಇಪ್ಪತ್ತು ಪರ್ಸೆಂಟ್ ಇತ್ತು, ಡೌನ್‌ಲೋಡ್ ಮಾಡಿಟ್ಕೊಂಡಿದ್ದ ಹಾಡು ಕೆಲವು. ಸ್ಟೀಲ್ ಚೊಂಬಲ್ಲಿ ಫೋನ್ ಇಟ್ಟೆ, ಅದು ಸದ್ದು ದೊಡ್ಡದು ಮಾಡುತ್ತೆ ಆದ್ರೆ ಸ್ವಲ್ಪ ಬಾವಿಯೊಳಗಿಂದ ಬಂದಂಗೆ, ಅವತ್ತು ಆ ಬಾವಿ ಸದ್ದೇ ಸರಿಯಾಯ್ತು. ಹಾಕಿದ್ದು ದಿ ಚಿಲ್ಸ್ ಅನ್ನೋ ಬ್ಯಾಂಡಿನ ಪಿಂಕ್ ಫ್ರಾಸ್ಟ್. ನ್ಯೂಜಿಲೆಂಡಿನ ಡುನೀಡಿನ್ ಊರಿನೋರು. ಮೊದಲ ಕೆಲವು ಸೆಕೆಂಡ್ ಗಿಟಾರ್ ಖುಷಿಯಾಗಿ ಕುಣಿಯುತ್ತೆ, ಇದು ಬೇರೆ ಹಾಡೇನೋ ಅನ್ಸುತ್ತೆ, ಆಮೇಲೆ ಒಮ್ಮೆಲೆ ಬೆಳಕು ಇಳಿದಂಗೆ ಒಂದು ಸಣ್ಣ ತಣ್ಣನೆ ಸ್ವರ ಶುರುವಾಗಿ ಮತ್ತೆ ಮತ್ತೆ ಅದೇ ಬರ್ತಾ ಇರುತ್ತೆ. ಹಾಡೋನು ಜೋರು ಮಾಡಲ್ಲ, ಪಕ್ಕದ ರೂಮಲ್ಲಿ ಯಾರೋ ಮಲಗಿದಾರೆ ಅನ್ನೋ ಥರ ಹಾಡ್ತಾನೆ.

ಮುಗಿದ್ಮೇಲೆ ಭಾವನಿಗೆ ಹೇಳ್ದೆ, ಇದನ್ನ ರೆಕಾರ್ಡ್ ಮಾಡಿದ್ದು 1982ರಲ್ಲಿ, ಹೊರಗೆ ಬಂದಿದ್ದು 1984ರಲ್ಲಿ, ಮಧ್ಯದಲ್ಲಿ ಡ್ರಮ್ ನುಡಿಸಿದ ಹುಡುಗ ಮಾರ್ಟಿನ್ ಬುಲ್ ರಕ್ತದ ಕ್ಯಾನ್ಸರಲ್ಲಿ ಹೋಗ್ಬಿಟ್ಟ, ಹಾಡು ಅವ್ನಿಗೇ ಅರ್ಪಿಸಿದಾರೆ. ಅವ್ನು ತನ್ನ ಲೆದರ್ ಜಾಕೆಟ್ಟನ್ನ ಹಾಡೋ ಗೆಳೆಯ ಮಾರ್ಟಿನ್ ಫಿಲಿಪ್ಸ್‌ಗೆ ಬಿಟ್ಟು ಹೋಗಿದ್ದ, ಇವ್ನು ಅದ್ರ ಮೇಲೂ ಒಂದು ಹಾಡು ಕಟ್ಟಿದ. ಫಿಲಿಪ್ಸೂ 2024ರ ಜುಲೈಲಿ ತೀರಿಕೊಂಡ. ಭಾವ ಏನೂ ಅನ್ಲಿಲ್ಲ. ಬ್ಯಾಟರಿ ಎಷ್ಟಿದೆ ಅಂದ್ರು. ಹದಿನೇಳು. ಇನ್ನೊಂದ್ಸಲ ಹಾಕು, ಡ್ರಮ್ ಕೇಳ್ತೀನಿ.

ನನ್ನ ನಂಬರ್ ಅನ್‌ಮ್ಯೂಟ್ ಆಯ್ತು.

ಈ ಡುನೀಡಿನ್ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡ್ಬೇಕು, ಯಾಕಂದ್ರೆ ನನಗೆ ಅದು ಶಿವಮೊಗ್ಗದ ಸೋದರ ಮಾವನ ಊರಿದ್ದಂಗೆ ಅನ್ಸುತ್ತೆ. ನಮಗಿಂತ ಚಿಕ್ಕ ಊರು, ದೇಶದ ದಕ್ಷಿಣದ ಕಡೆ, ಗುಡ್ಡ, ಚಳಿ, ಒಂದು ಯೂನಿವರ್ಸಿಟಿ. 1981ರಲ್ಲಿ ಕ್ರೈಸ್ಟ್‌ಚರ್ಚ್‌ನ ರೆಕಾರ್ಡ್ ಅಂಗಡೀಲಿದ್ದ ರಾಜರ್ ಶೆಫರ್ಡ್ ಫ್ಲೈಯಿಂಗ್ ನನ್ ಅಂತ ಒಂದು ಸಣ್ಣ ಲೇಬಲ್, ಅಂದ್ರೆ ರೆಕಾರ್ಡ್ ಕಂಪನಿ, ಶುರು ಮಾಡಿದ. ದಿ ಕ್ಲೀನ್ ಅನ್ನೋ ಡುನೀಡಿನ್ ಬ್ಯಾಂಡಿನ ಮೊದಲ ಹಾಡಿಗೆ ಖರ್ಚಾಗಿದ್ದು ಐವತ್ತು-ಅರವತ್ತು ಡಾಲರ್, ಅದು ನ್ಯೂಜಿಲೆಂಡ್ ಚಾರ್ಟಲ್ಲಿ 19ನೇ ಜಾಗಕ್ಕೆ ಹೋಗಿ ಕೂತ್ಕೊಳ್ತು. ಮಾರನೇ ವರ್ಷ ಅದೇ ಊರಿನ ನಾಕು ಬ್ಯಾಂಡನ್ನ ಒಂದೇ ಜೋಡಿ ರೆಕಾರ್ಡಲ್ಲಿ ಸೇರಿಸಿ ಬಿಟ್ರು, ಚಿಲ್ಸ್ ಅದ್ರಲ್ಲೊಂದು. ರೆಕಾರ್ಡ್ ಮಾಡಿದ್ದು ಕ್ರಿಸ್ ನಾಕ್ಸ್ ಅನ್ನೋ ಸಂಗೀತಗಾರನ ನಾಕು ಟ್ರ್ಯಾಕಿನ ಟೇಪ್ ಮಷೀನಲ್ಲಿ. ನಾಕು ಟ್ರ್ಯಾಕ್ ಅಂದ್ರೆ ನಾಕೇ ಸದ್ದು ಬೇರೆ ಬೇರೆಯಾಗಿ ಹಿಡಿಯೋದು, ಈಗ ನಿಮ್ಮ ಫೋನಲ್ಲಿ ಫ್ರೀ ಸಿಗೋ ಆ್ಯಪಿಗಿಂತ ಬಡವಾದ ಸೌಕರ್ಯ.

ಇನ್ನೂ ಹತ್ರದ್ದು ಬೇಕು ಅಂದ್ರೆ ಶಿಲ್ಲಾಂಗ್. ನಾವು ಆಗುಂಬೆನ ದಕ್ಷಿಣದ ಚಿರಾಪುಂಜಿ ಅಂತ ಎದೆ ಉಬ್ಬಿಸಿ ಹೇಳ್ತೀವಲ್ಲ, ನಿಜವಾದ ಚಿರಾಪುಂಜಿ ಹತ್ರದ ಶಿಲ್ಲಾಂಗಲ್ಲಿ ಲೂ ಮಜಾವ್ ಅನ್ನೋ ಗಾಯಕರು 1972ರಿಂದ ಮೇ 24ಕ್ಕೆ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹುಟ್ಟುಹಬ್ಬ ಅಂತ ಹಾಡು ಕಟ್ಕೊಂಡು ಬಂದಿದಾರೆ. 2003ರಲ್ಲಿ ಅಲ್ಲಿ ಸೋಲ್‌ಮೇಟ್ ಅಂತ ಬ್ಲೂಸ್ ಬ್ಯಾಂಡ್ ಹುಟ್ತು. ಮಳೆ ನಮಗೂ ಬೀಳುತ್ತೆ. ಅವ್ರ ಹತ್ರ ಇದ್ದಿದ್ದು ಒಬ್ಬ ಹಟಮಾರಿ, ವರ್ಷ ವರ್ಷ ಬಂದು ಕೂತು ಕೇಳೋ ಒಂದಷ್ಟು ಜನ.

ಇಲ್ಲಿ ಮುಂದಿನ ಸಾಲಲ್ಲಿದ್ದ ಒಬ್ಬ ಹುಡುಗಿ ಕೈ ಎತ್ತಿದ್ಲು, ಸಾರ್ ಬರೀ ಹೊರಗಿಂದೇ ಹೇಳ್ತಿದೀರ, ಕನ್ನಡದ್ದು ಇಲ್ವಾ ಅಂದ್ಲು. ನ್ಯಾಯವಾದ ಪ್ರಶ್ನೆ, ಅಲ್ಲಿಗೇ ಬರ್ತಿದ್ದೆ.

ಶಿವಮೊಗ್ಗದೋರಿಗೆ ಶರೀಫಜ್ಜ ಅಂದ್ರೆ ಮೊದ್ಲು ಕಿವೀಲಿ ಬರೋದು ನಮ್ಮ ಶಿವಮೊಗ್ಗ ಸುಬ್ಬಣ್ಣನವ್ರ ದನಿ, ಅಥವಾ ಅಶ್ವತ್ಥ್. ಸುಬ್ಬಣ್ಣ ಹೊಸನಗರದ ನಗರದೋರು, ಕಾಡು ಕುದುರೆ ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದೋರು. ಅದೇ ಶರೀಫರ ತತ್ವಪದಾನ ರಘು ದೀಕ್ಷಿತ್ 2008ರ ಮೊದಲ ಆಲ್ಬಮ್ಮಲ್ಲಿ ಗಿಟಾರು ಡ್ರಮ್ಮು ಹಾಕಿ ಹಾಡಿದ್ರು. ನಾನು ಅದನ್ನ ನಮ್ಮ ದೊಡ್ಡಪ್ಪನಿಗೆ ಕೇಳಿಸಿದೆ, ಭಜನೆ ಮನುಷ್ಯ, ತಾಳ ತಪ್ಪಿದ್ರೆ ಎದ್ದು ಹೋಗೋರು. ಗುಡುಗುಡಿ ಹಾಡು ಅರ್ಧಕ್ಕೇ ಸಾಕು ಅಂದ್ರು, ಡೋಲು ಜಾಸ್ತಿ ಆಯ್ತು, ಶರೀಫರು ಕೇಳಿದ್ರೆ ಎದ್ದು ಓಡ್ತಿದ್ರು. ಸರಿ ಅಂತ ಸೋರುತಿಹುದು ಮನೆಯ ಮಾಳಿಗಿ ಹಾಕ್ದೆ. ಅದಕ್ಕೆ ಸುಮ್ನೆ ಕೂತ್ರು. ಅವ್ರ ಹೆಂಚಿನ ಮನೇಲಿ ಅವತ್ತು ನಡುಮನೆಗೆ ಎರಡು ಬಕೆಟ್ಟು ಜಗಲಿಗೊಂದು ತಪ್ಪಲೆ ಇಟ್ಟಿದ್ರು, ಬಕೆಟ್ಟಿಗೆ ಟಪ್ ಟಪ್ ಅಂತ ಬೀಳ್ತಿತ್ತು. ತತ್ವ ಗಿತ್ವ ಆಮೇಲೆ, ಈ ಮನುಷ್ಯನಿಗೆ ಸೋರೋ ಮನೇಲಿ ಮಲಗಿ ಗೊತ್ತಿದೆ ನೋಡು ಅಂದ್ರು. ಇದಕ್ಕಿಂತ ಒಳ್ಳೆ ರಿವ್ಯೂ ನಾನು ಯಾವ ಪತ್ರಿಕೇಲೂ ಓದಿಲ್ಲ.

ರಘು ಅವ್ರ ತಮ್ಮ ವಾಸು ದೀಕ್ಷಿತ್ ಇರೋ ಸ್ವರಾತ್ಮ ಬ್ಯಾಂಡು, ಮೈಸೂರಲ್ಲಿ 2002ರಲ್ಲಿ ಶುರುವಾಗಿದ್ದು, ಕನ್ನಡ ಹಿಂದಿ ಎರಡರಲ್ಲೂ ಹಾಡ್ತಾರೆ. ಬೆಂಗಳೂರಿನ ಲಗೋರಿ ಬ್ಯಾಂಡ್ ಕೇಳಿ. ಪಕ್ಕದ ಮಲಯಾಳದಲ್ಲಿ ಅವಿಯಲ್ ಅಂತ ಬ್ಯಾಂಡು, ಅವ್ರದ್ದೂ 2008ರ ಆಲ್ಬಮ್ಮು. ಹೆಸರು ಗಬಗಬ ಹೇಳ್ಕೊಂಡು ಹೋದ್ರೆ ನಾನೇ ಹೇಳಿದ ಕಣ್ಣಿಲ್ಲದ ಗಡ್ಡೆ ಆಗುತ್ತೆ, ನಿಲ್ಲಿಸ್ತೀನಿ. ಯಾರಿಗೆ ಏನು ಇಷ್ಟ ಅಂತ ಆಮೇಲೆ ಬಂದು ಹೇಳಿ, ಒಬ್ಬೊಬ್ರಿಗೆ ಒಂದೊಂದು ಕೊಡ್ತೀನಿ.

ಇನ್ನೊಬ್ರು, ಕಾಲೇಜು ಮೇಷ್ಟ್ರು ಇರಬೇಕು, ಕೇಳಿದ್ರು: ಈಗ ಆ್ಯಪೇ ನಿಮಗಿದು ಇಷ್ಟ ಆಗಬಹುದು ಅಂತ ಕೊಡುತ್ತಲ್ಲ, ನಿಮ್ಮ ಚೀಟಿ ಪಾಟಿ ಯಾಕೆ? ನಾನು ಆ್ಯಪ್ ಬೈಯಲ್ಲ. ನನಗೂ ಅದು ಎಷ್ಟೋ ಒಳ್ಳೆ ಹಾಡು ಕೊಟ್ಟಿದೆ. ಆದ್ರೆ ಅದು ಆಷಾಢದಲ್ಲಿ ಮೊಗ್ಗು ಬಂತಾ ಅಂತ ಕೇಳಲ್ಲ. ಮತ್ತೆ ಅಲ್ಲಿ ಒಂದು ಲೆಕ್ಕ ಇದೆ, ಲೆಕ್ಕ ಬರಿಯೋನು ನಾನು, ಇದನ್ನ ಹೇಳ್ದೆ ಹೋಗಲ್ಲ. ಸ್ಪಾಟಿಫೈ ಅನ್ನೋ ಹಾಡಿನ ಆ್ಯಪಲ್ಲಿ 2024ರಿಂದ ಒಂದು ನಿಯಮ. ಒಂದು ಹಾಡನ್ನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿರಬೇಕು, ಇಲ್ದಿದ್ರೆ ಆ ಹಾಡಿನ ರೆಕಾರ್ಡಿಂಗಿಗೆ ರಾಯಲ್ಟಿ ಸೊನ್ನೆ. ಮೂವತ್ತು ಸೆಕೆಂಡ್ ಓಡಿದ್ರೆ ಒಂದು ಸಲ ಕೇಳಿದಂಗೆ ಲೆಕ್ಕ. 999 ಆದ್ರೂ ಸೊನ್ನೆ. ಸಾವಿರ ದಾಟಿದ್ರೂ ಕೈಗೆ ಬರೋದು ಸಣ್ಣ ದುಡ್ಡೇ ಅನ್ನಿ, ಆದ್ರೆ ತೂಕದ ತಕ್ಕಡೀಲಿ ಕೂರೋಕೇ ಸಾವಿರ ಬೇಕು.

ಈಗ ನೋಡಿ. ಇಪ್ಪತ್ತು ಜನ. ವಾರಕ್ಕೆ ಒಂದೇ ಸಲ ಒಬ್ಬೊಬ್ರು ಒಂದು ಹಾಡು ಕೇಳಿದ್ರೆ, ಇಪ್ಪತ್ತು ಇಂಟು ಐವತ್ತೆರಡು, 1040. ಇಲ್ಲಿ ನಲವತ್ತು ಜನ ಇದೀರ, ನಲವತ್ತರಲ್ಲಿ ಅರ್ಧ ಜನ ಮನೆಗೆ ಹೋಗಿ ಮರೀತೀರ, ಉಳಿದ ಅರ್ಧ ಸಾಕು. ದೊಡ್ಡ ಸ್ಟಾರ್‌ಗಳಿಗೆ ಈ ಇಪ್ಪತ್ತು ಜನ ಲೆಕ್ಕಕ್ಕೇ ಇಲ್ಲ, ಎಲ್ಲೋ ರೂಮಲ್ಲಿ ಕೂತು ಮೊದಲ ಹಾಡು ಹಾಕಿರೋ ಹುಡುಗನಿಗೆ ಇಪ್ಪತ್ತು ಜನ ಅಂದ್ರೆ ಸೊನ್ನೆಯಿಂದ ಈಚೆಗೆ ಬರೋದು. ಹಂಗಂತ ಒಬ್ರೇ ರಾತ್ರಿಯೆಲ್ಲ ಫೋನಲ್ಲಿ ಸದ್ದಿಲ್ದೆ ಓಡಿಸಿಟ್ಟು ಸಾವಿರ ಮಾಡೋಣ ಅನ್ಬೇಡಿ, ಇಂತಿಷ್ಟು ಬೇರೆ ಬೇರೆ ಜನ ಕೇಳಿರಬೇಕು ಅನ್ನೋ ಕಟ್ಟೂ ಇದೆ, ಆ ಸಂಖ್ಯೆ ಎಷ್ಟು ಅಂತ ಅವ್ರು ಬಾಯಿ ಬಿಡಲ್ಲ. ಮಂಡಿಲಿ ಕಲ್ಲು ಸೇರಿಸಿದ ಮೂಟೆ ನಾವೂ ಹಿಡೀತೀವಿ.

ದುಡ್ಡು ಕೊಟ್ಟು ತಗೊಳ್ಳೋ ಮನಸ್ಸಿದ್ರೆ ಬ್ಯಾಂಡ್‌ಕ್ಯಾಂಪ್ ಅಂತ ಇದೆ, 2008ರಿಂದ. ಹಾಡನ್ನ ನೇರ ಕೊಂಡ್ಕೊಳ್ಳೋದು, ಅವ್ರು ನೂರಕ್ಕೆ ಹದಿನೈದು ಹಿಡ್ಕೋತಾರೆ. ನಮ್ಮ ದಲಾಲಿಗಿಂತ ಜಾಸ್ತಿನೇ ಅಂತ ನನಗೂ ಅನ್ಸುತ್ತೆ, ಆದ್ರೆ ಉಳಿದಿದ್ದು ಬಹುಪಾಲು ಹಾಡಿದೋನಿಗೆ ಹೋಗುತ್ತೆ. 2020ರ ಮಾರ್ಚ್, ಕೊರೋನಾ ಬಂದು ಎಲ್ಲ ಪ್ರೋಗ್ರಾಮ್ ನಿಂತಾಗ, ಒಂದು ಶುಕ್ರವಾರ ತಮ್ಮ ಪಾಲು ಬಿಟ್ಟುಕೊಟ್ಟಿದ್ರು, ಆಮೇಲೆ ಅಂಥ ಶುಕ್ರವಾರಗಳು ಮತ್ತೆ ಮತ್ತೆ ಬಂದ್ವು.

ಒಂದು ಮಾತು ಮರೆತಿದ್ದೆ. ಕೊಡೋದಷ್ಟೇ ಅಲ್ಲ, ತಗೊಳ್ಳೋಕೂ ಬರಬೇಕು. ಯಾರಾದ್ರೂ ಹಾಡು ಕೊಟ್ರೆ ನಾನು ಇದನ್ನ ಹತ್ತು ವರ್ಷದ ಹಿಂದೆನೇ ಕೇಳಿದೀನಿ ಅನ್ನೋರಿದಾರಲ್ಲ, ನಾನೂ ಅವ್ರಲ್ಲೊಬ್ಬ ಆಗಿದ್ದೆ, ಅವ್ರಿಂದ ಈ ಸಂಗೀತಕ್ಕೆ ಆಗಿರೋ ನಷ್ಟ ಅಷ್ಟಿಷ್ಟಲ್ಲ. ಯಾವನೋ ಹುಡುಗ ಮೊದಲ ಸಲ ಕೇಳಿ ಕಣ್ಣರಳಿಸಿ ಬಂದಿರ್ತಾನೆ, ನೀವು ಹಳೇದು ಅಂದ್ರೆ ಅಲ್ಲಿಗೆ ಮುಗೀತು, ಮುಂದೆ ಅವ್ನು ನಿಮಗೆ ಏನೂ ತರಲ್ಲ. ನನ್ನ ಮಗಳು ಹೋದ ವರ್ಷ ಅಪ್ಪಾ ಒಂದು ಹಾಡು ಸಿಕ್ಕಿದೆ ಅಂತ ಓಡಿ ಬಂದ್ಲು, ನಾನು ಅವ್ಳ ವಯಸ್ಸಲ್ಲಿ ಬಿದ್ದು ಬಿದ್ದು ಕೇಳಿದ್ದ ಹಾಡು ಅದು. ಗೊತ್ತಿಲ್ದೋನ ಥರ ಪೂರ್ತಿ ಕೇಳಿದೆ. ಎಲ್ಲಿ ಕಿವಿ ಕೊಡಬೇಕು ಅಂದೆ. ಎರಡನೇ ಚರಣ ಆದ್ಮೇಲೆ ಬೇಸ್ ಒಂದೇ ಉಳಿಯುತ್ತೆ ನೋಡು ಅಂದ್ಲು. ನಿಜ ಹೇಳ್ತೀನಿ, ಇಷ್ಟು ವರ್ಷ ಅದು ನನಗೆ ಕೇಳಿಸಿರ್ಲಿಲ್ಲ.

ಹ್ಞಾಂ, ಸ್ಪೀಕರ್ ಬಂತಂತೆ. ಟೀವಿಯೋರು ಬಿಟ್ಟುಕೊಟ್ರು. ಹಾಗಾದ್ರೆ ಸಾಕು ಮಾತು, ಚಿಲ್ಸ್ ಹಾಕ್ತೀನಿ, ಭಾವನೂ ಇಲ್ಲೇ ಕೂತಿದಾರೆ ಹಿಂದೆ, ಅವ್ರನ್ನ ನೋಡಬೇಡಿ. ಶುರೂಲಿ ಖುಷಿಯಾಗಿರುತ್ತೆ, ಮೋಸ ಹೋಗಬೇಡಿ, ಅದು ಇಳಿಯೋ ಜಾಗ ಕಾಯಿರಿ. ಯಾರಾದ್ರೂ ಆ ಫ್ಯಾನ್ ಆರಿಸಿ.